ಇಲ್ಲದ ವಾಸನೆಯ ಕಾಟ

ಡೊಂಬಿವಲಿಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಎರಡು ಕೋಣೆಗಳ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಊರಿನಿಂದ ಬಂದು ಮಗನ ಜೊತೆಯಲ್ಲಿರುವ ತಾಯಿ ನಡುರಾತ್ರಿ ಎದ್ದು ಅಡಿಗೆಮನೆಗೆ ಹೋಗುತ್ತಾರೆ. ಏನೋ ಸೀದುಹೋಗುತ್ತಿರುವ ವಾಸನೆ. ಒಲೆ ಆರಿದೆ, ಸಿಲಿಂಡರು ಮುಚ್ಚಿದೆ, ವಿದ್ಯುತ್ ತಂತಿಗಳೂ ಸರಿಯಾಗಿವೆ. ಮಗ ಮೂಸಿ ನೋಡಿ ಏನೂ ಇಲ್ಲವೆನ್ನುತ್ತಾನೆ. ಸೊಸೆಯೂ ಹಾಗೆಯೇ ಹೇಳುತ್ತಾಳೆ. ಮೂರನೆಯ ರಾತ್ರಿಯ ಹೊತ್ತಿಗೆ 'ವಯಸ್ಸಾಯಿತು' ಎಂಬ ಮಾತು ಹುಟ್ಟುತ್ತದೆ. ನಾಲ್ಕನೆಯ ರಾತ್ರಿ ಆಕೆ ಎದ್ದರೂ ಯಾರನ್ನೂ ಎಬ್ಬಿಸುವುದಿಲ್ಲ.

ಈ ಬಾಧೆಯಲ್ಲಿ ವಾಸನೆಗಿಂತಲೂ ಕಷ್ಟವಾದುದು ಈ ಮೌನ. ಜ್ವರವಾದರೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ, ಮೂಗಿಗೆ ಸಾಕ್ಷಿಯಿಲ್ಲ. ಆದರೆ ಸುತ್ತಮುತ್ತ ಯಾವ ಗಂಧವೂ ಇಲ್ಲದೆ ವಾಸನೆಯ ಅನುಭವವಾಗುವ ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ಬಹುಕಾಲದಿಂದ ಬಲ್ಲದು. ಅದರ ಹೆಸರು ಫ್ಯಾಂಟೋಸ್ಮಿಯಾ. ಕನ್ನಡದಲ್ಲಿ ಗಂಧಭ್ರಮೆ ಎನ್ನಬಹುದು. ಬಿಸಿ ಕಾಫಿಯ ಪರಿಮಳವೇ ಕೊಳೆತ ವಾಸನೆಯಾಗಿ ತೋರುವ ಪ್ಯಾರೋಸ್ಮಿಯಾ ಬೇರೆ; ಅಲ್ಲಿ ಕಾಫಿಯಾದರೂ ಇರುತ್ತದೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ 40 ವರ್ಷ ದಾಟಿದವರಲ್ಲಿ ಸುಮಾರು 15 ಜನರಿಗೆ ಒಬ್ಬರು ಇಂಥ ವಾಸನೆಯನ್ನು ಕಂಡವರು. ಅವರಲ್ಲಿ ವೈದ್ಯರೊಡನೆ ಈ ಮಾತನ್ನು ಎತ್ತಿದವರು ನೂರಕ್ಕೆ ಸುಮಾರು 11 ಮಂದಿ ಮಾತ್ರ. ಬಾಯಿ ಕಟ್ಟಿಕೊಳ್ಳುವುದು ನಮ್ಮವರ ಸ್ವಭಾವವಷ್ಟೇ ಅಲ್ಲವೆಂದಾಯಿತು.

ವೇಳೆಯಲ್ಲದ ವೇಳೆಯಲ್ಲಿ ಹೂವಿನ ಪರಿಮಳ ಸುಳಿದರೆ ದೇವರ ಸುಳಿವೆಂದೋ, ದುರ್ವಾಸನೆ ಸುಳಿದರೆ ಗಾಳಿ ಸೋಕಿತೆಂದೋ ಹೇಳುವ ರೂಢಿ ಹಳ್ಳಿಗಳಲ್ಲಿ ಉಂಟು. ದುರದೃಷ್ಟವಶಾತ್ ಗಂಧಭ್ರಮೆಯಲ್ಲಿ ಸಂಪಿಗೆ, ಮಲ್ಲಿಗೆಗಳು ವಿರಳ. ಹೊಗೆ, ಸುಟ್ಟ ವಸ್ತು, ಕೊಳೆತ ಪದಾರ್ಥ, ರಾಸಾಯನಿಕ, ಇವುಗಳದೇ ಕಾಟ.

ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಲು ಮೂಗಿನ ರಚನೆಯನ್ನು ಸ್ವಲ್ಪ ನೋಡಬೇಕು. ಮೂಗಿನೊಳಗಿನ ಛಾವಣಿಯಲ್ಲಿ ಅಂಚೆಚೀಟಿಯಷ್ಟಗಲದ ಪೊರೆಯಲ್ಲಿ ಲಕ್ಷಾಂತರ ನರಕೋಶಗಳಿವೆ. ಅವುಗಳ ಎಳೆಗಳು ಜರಡಿಯಂತೆ ರಂಧ್ರಗಳಿರುವ ತೆಳುವಾದ ಮೂಳೆಯನ್ನು ತೂರಿ ನೇರವಾಗಿ ಮಿದುಳನ್ನು ಸೇರುತ್ತವೆ. ಗಂಧವನ್ನು ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪಾರಿತೋಷಕ ಸಂದಿತು. ಹೊರಗಿನ ಗಾಳಿಗೆ ಇಷ್ಟು ತೆರೆದುಕೊಂಡಿರುವ ನರಕೋಶಗಳು ದೇಹದಲ್ಲಿ ಬೇರೆಲ್ಲೂ ಇಲ್ಲವೆನ್ನಬಹುದು. ಆದುದರಿಂದ ಅವು ಬೇಗ ನಾಶವಾಗುತ್ತವೆ. ಜೀವಮಾನವಿಡೀ ಮತ್ತೆ ಹುಟ್ಟುತ್ತಲೂ ಇರುತ್ತವೆ. ಹಳೆಯ ಟ್ರಂಕ್‌ಕಾಲಿನ ಕಾಲದಲ್ಲಿ ಯಾರೂ ಕರೆಯದೆಯೇ ಗಂಟೆ ಬಾರಿಸುತ್ತಿದ್ದ ಟೆಲಿಫೋನನ್ನು ಹಿರಿಯರು ನೆನೆಯಬಹುದು. ತಂತಿ ಕೆಟ್ಟಿದ್ದರೂ ಗಂಟೆ ನಿಜವಾಗಿಯೇ ಬಾರಿಸುತ್ತಿತ್ತು. ಏಟು ತಿಂದ ನರಕೋಶವೂ ಹೀಗೆಯೇ ಕಾರಣವಿಲ್ಲದೆ ಸುದ್ದಿ ಕಳುಹಿಸುತ್ತದೆ. ಮಿದುಳು ಅದನ್ನು ವಾಸನೆಯೆಂದೇ ಓದುತ್ತದೆ.

ನರಕೋಶಗಳಿಗೆ ಏಟು ಬೀಳುವುದು ಬಹುಮಟ್ಟಿಗೆ ನೆಗಡಿ, ಫ್ಲೂಗಳಂಥ ವೈರಸ್ ಸೋಂಕುಗಳಿಂದ. 2020ರ ನಂತರ ಕೋವಿಡ್ ಈ ಪಟ್ಟಿಯ ಮೊದಲ ಸಾಲಿಗೆ ಬಂದಿತು. ಸೈನಸಿನ ಕೀವು, ಮೂಗಿನೊಳಗೆ ಬೆಳೆಯುವ ಮೃದು ಗಂಟು, ಮೇಲ್ದವಡೆಯ ಹಲ್ಲಿನ ಸೋಂಕು ಇವೂ ಕಾರಣಗಳೇ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಜರಡಿಮೂಳೆಯ ಬಳಿ ನರದ ಎಳೆಗಳು ಹರಿಯುವುದುಂಟು. ಹೊಗೆಸೊಪ್ಪು, ಕೆಲವು ಔಷಧಿಗಳು, ಅರೆತಲೆನೋವು, ಕೆಲವು ಮಾನಸಿಕ ರೋಗಗಳು ಸಹ ಇದನ್ನು ತರಬಲ್ಲವು.

ವಿರಳವಾಗಿ ದೋಷವು ಮಿದುಳಿನಲ್ಲಿಯೇ ಇರುತ್ತದೆ. ಅಮೆರಿಕದ ಪ್ರಸಿದ್ಧ ಸಂಗೀತಗಾರ ಜಾರ್ಜ್ ಗರ್ಶ್‌ವಿನ್ 1937ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಕಛೇರಿಯಲ್ಲಿ ಪಿಯಾನೋ ನುಡಿಸುತ್ತಿದ್ದಾಗ ಕ್ಷಣಕಾಲ ಎಚ್ಚರ ತಪ್ಪಿದಂತಾಯಿತು. ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದೆ ತಲೆನೋವು, ತಲೆಸುತ್ತುಗಳೂ ಸೇರಿದುವು. ಜೂನಿನಲ್ಲಿ ಆತನನ್ನು ಪರೀಕ್ಷಿಸಿದವರು ಮನಸ್ಸಿನ ಬಳಲಿಕೆಯೆಂದು ಮನೆಗೆ ಕಳುಹಿಸಿದರು. ಜುಲೈ 11ರಂದು, ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ಬಳಿಕ, ಆತ ತೀರಿಕೊಂಡ, ವಯಸ್ಸು 38. ಇದನ್ನು ಓದಿ ಯಾರೂ ಗಾಬರಿಯಾಗಬೇಕಾಗಿಲ್ಲ. ಗಂಧಭ್ರಮೆಯುಳ್ಳ ಬಹುಪಾಲು ಜನರಲ್ಲಿ ಗಡ್ಡೆ ಇರುವುದಿಲ್ಲ. ಆದರೆ ಒಂದೇ ಬಗೆಯ ವಾಸನೆ ಥಟ್ಟನೆ ಬಂದು ಕೆಲವು ಕ್ಷಣಗಳಲ್ಲಿ ಮಾಯವಾಗುತ್ತಿದ್ದರೆ, ಅದರೊಡನೆ ನೋಟ ಶೂನ್ಯವಾಗುವುದು, ಹೊಟ್ಟೆಯಿಂದ ಏನೋ ಮೇಲೆದ್ದಂತಾಗುವುದು, 'ಇದನ್ನು ಹಿಂದೆಯೇ ಕಂಡಿದ್ದೆ' ಎನಿಸುವುದು ಕಂಡುಬಂದರೆ, ಅದು ಅಪಸ್ಮಾರದ ಒಂದು ರೂಪವಿರಬಹುದು. ಹೊಸದಾಗಿ ತೀವ್ರ ತಲೆನೋವು, ಕೈಕಾಲಿನ ನಿಶ್ಶಕ್ತಿ, ಮಾತಿನ ತೊಡಕು ಸೇರಿದರಂತೂ ಒಂದು ದಿನವೂ ತಡಮಾಡಬಾರದು.

ಮಹಾನಗರದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ನಿಜವಾದ ದುರ್ವಾಸನೆಗಳಿಗೇನೂ ಬರಗಾಲವಿಲ್ಲ. 2019ರ ಸೆಪ್ಟೆಂಬರಿನ ಒಂದು ರಾತ್ರಿ ಚೆಂಬೂರು, ಘಾಟ್‌ಕೋಪರ್, ಪವಾಯಿ ಮೊದಲಾದ ಕಡೆಗಳಿಂದ ಅನಿಲದ ವಾಸನೆಯೆಂದು ಅಗ್ನಿಶಾಮಕ ದಳಕ್ಕೆ ಕರೆಗಳ ಸುರಿಮಳೆಯಾಯಿತು. ಅಷ್ಟು ಮೂಗುಗಳು ಒಂದೇ ಸಲ ಭ್ರಮಿಸುವುದಿಲ್ಲ. ಅಡಿಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಕೊಳಕು ವಾಸನೆಯ ದ್ರವ್ಯವನ್ನು ಬೆರೆಸುತ್ತಾರೆ. ಆದುದರಿಂದ ಗಂಧಭ್ರಮೆ ಉಳ್ಳವರು 'ಇದು ನನ್ನ ಎಂದಿನ ಕಾಟ' ಎಂದು ಸುಮ್ಮನಿರುವುದು ಅಪಾಯ. ಪ್ರತಿ ಸಲವೂ ಇನ್ನೊಬ್ಬರ ಮೂಗನ್ನು ಎರವಲು ಪಡೆಯಬೇಕು. ಮನೆಯಲ್ಲಿ ಬೇರಾರೂ ಇಲ್ಲವಾದರೆ ಸ್ವಿಚ್ಚುಗಳನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು ನೆರೆಯವರನ್ನು ಕರೆಯಬೇಕು. ಅನಿಲಸೂಚಕ ಯಂತ್ರವೊಂದಿದ್ದರೆ ಇನ್ನೂ ಒಳ್ಳೆಯದು.

ಸೋಂಕಿನ ನಂತರ ಬಂದ ಗಂಧಭ್ರಮೆ ಅನೇಕರಲ್ಲಿ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತಾನಾಗಿ ಕ್ಷೀಣಿಸುತ್ತದೆ. ಅಲ್ಲಿಯವರೆಗೆ ಮೂಗನ್ನು ಉಪ್ಪುನೀರಿನಿಂದ ತೊಳೆಯುವುದರಿಂದ ಕೆಲವರಿಗೆ ನೆಮ್ಮದಿ ದೊರೆಯುತ್ತದೆ. ನೀರನ್ನು ಮಾತ್ರ ಕಡ್ಡಾಯವಾಗಿ ಕುದಿಸಿ ಆರಿಸಿರಬೇಕು. ನಶ್ಯವನ್ನು ಬಿಡಬೇಕು. ದುರ್ವಾಸನೆಯನ್ನು ಅಡಗಿಸಲು ಅತ್ತರು ಸುರಿದುಕೊಳ್ಳುವುದು, ಮತ್ತೆ ಮತ್ತೆ ಸ್ನಾನ ಮಾಡುವುದು ವ್ಯರ್ಥ ಶ್ರಮ, ವಾಸನೆ ಮೈಯಲ್ಲಿಲ್ಲ. ಊಟ ಸೇರದಿದ್ದರೆ ತಣ್ಣಗಿನ ಮೊಸರನ್ನ ಬಿಸಿ ಹುಳಿಗಿಂತ ಸುಲಭವಾಗಿ ಇಳಿಯುತ್ತದೆ. ವಾಸನೆಯನ್ನು ಗ್ರಹಿಸುವ ಶಕ್ತಿಯೂ ಕುಗ್ಗಿರುವವರಿಗೆ ವೈದ್ಯರು ಮೂಗಿನ ಸಾಧನೆಯೊಂದನ್ನು ಸೂಚಿಸುವುದುಂಟು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಬಾರಿ, 12 ವಾರಗಳವರೆಗೆ, ಗಮನವಿಟ್ಟು ಮೂಸಬೇಕು. ನಾಲ್ಕೂ ನಮ್ಮ ಮನೆಗಳಿಗೆ ಅಪರಿಚಿತವಲ್ಲ.

ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಹೋಗುವಾಗ ಒಂದು ಚಿಕ್ಕ ಟಿಪ್ಪಣಿಪುಸ್ತಕ ಜೊತೆಗಿದ್ದರೆ ಅರ್ಧ ಕೆಲಸವಾದಂತೆ. ಎಂಥ ವಾಸನೆ, ಎಷ್ಟು ಹೊತ್ತು, ದಿನಕ್ಕೆಷ್ಟು ಬಾರಿ, ಯಾವ ಹೊಳ್ಳೆಯಲ್ಲಿ, ಆ ಹೊಳ್ಳೆಯನ್ನು ಒತ್ತಿ ಹಿಡಿದಾಗ ಕಡಮೆಯಾಯಿತೆ, ಹಿಂದೆ ನೆಗಡಿಯೋ ಪೆಟ್ಟೋ ಆಗಿತ್ತೆ, ಯಾವ ಔಷಧಿ ನಡೆಯುತ್ತಿದೆ, ಇಷ್ಟನ್ನು ಬರೆದಿಟ್ಟರೆ ಸಾಕು. ಹೊಳ್ಳೆ ಮುಚ್ಚಿದಾಗ ವಾಸನೆ ನಿಂತರೆ ದೋಷ ಮೂಗಿನಲ್ಲಿರುವ ಸಂಭವ ಹೆಚ್ಚು. ಡೊಂಬಿವಲಿಯ ಆ ಮನೆಯಲ್ಲಿ ತಾಯಿ ಮತ್ತೆ ಎದ್ದ ರಾತ್ರಿ ಮಗ ದೀಪ ಹಚ್ಚಿ ಕೇಳಬೇಕಾದ ಪ್ರಶ್ನೆಯೂ ಇದೇ: ಬಲಗಡೆಯೋ, ಎಡಗಡೆಯೋ?