ಟ್ಯಾಕ್ಸಿ ಸ್ಟ್ಯಾಂಡಿನ ಸಾಕ್ಷಿ

ಮನೆಮಂದಿಯೆಲ್ಲ ಒಟ್ಟಿಗೆ ಕೂರುವಂಥ ಏಳು ಸೀಟಿನ ಗಾಡಿ ಕೊಳ್ಳಲು ಹೊರಟವರು ನಮ್ಮಲ್ಲಿ ಕೊನೆಗೆ ಹೋಗಿ ನಿಲ್ಲುವುದು ಟ್ಯಾಕ್ಸಿ ಡ್ರೈವರುಗಳ ಮುಂದೆ. ಷೋರೂಮಿನವರು ಹೇಳುವುದು ಮಾರುವ ಮಾತು. ಬೀಗರು ಹೇಳುವುದು ತಾವು ಕೊಂಡದ್ದನ್ನು ಸಮರ್ಥಿಸಿಕೊಳ್ಳುವ ಮಾತು. ಡ್ರೈವರಿಗೆ ಆ ಹಂಗಿಲ್ಲ. ಗಾಡಿ ಒಂದು ದಿನ ನಿಂತರೆ ಅವನ ಅಂದಿನ ಸಂಪಾದನೆಯೂ ನಿಲ್ಲುತ್ತದೆ. “ಕಣ್ಮುಚ್ಕೊಂಡು ಇನ್ನೋವಾ ತಗೊಳ್ಳಿ ಸಾರ್, ಮೂರು ಲಕ್ಷ ಓಡಿದೆ, ಇಂಜಿನ್ ಬಿಚ್ಚೇ ಇಲ್ಲ” ಎಂದು ಅವನು ಹೇಳಿದರೆ ನಂಬದಿರಲು ಕಾರಣವಿಲ್ಲ.

ಆದರೆ ಅವನ ಗಾಡಿ ಓಡುವ ರೀತಿಯೇ ಬೇರೆ, ನಿಮ್ಮದು ಓಡುವ ರೀತಿಯೇ ಬೇರೆ. ಬೆಳಗ್ಗೆ ಐದಕ್ಕೆ ಸ್ಟಾರ್ಟ್ ಆದ ಟ್ಯಾಕ್ಸಿ ರಾತ್ರಿಯವರೆಗೂ ಬಿಸಿಯಾಗಿಯೇ ಇರುತ್ತದೆ. ಬೆಂಗಳೂರಿನ ಜಯನಗರದ ಮನೆಯೊಂದರ ಗಾಡಿ ಮಕ್ಕಳನ್ನು ಎರಡು ಮೂರು ಕಿಲೋಮೀಟರ್ ಆಚೆಯ ಶಾಲೆಗೆ ಬಿಟ್ಟು ಬಂದು ಸಂಜೆಯವರೆಗೆ ತಣ್ಣಗೆ ನಿಂತಿರುತ್ತದೆ. ಬೇಸಿಗೆ ರಜೆಯಲ್ಲಿ ಒಮ್ಮೆ ಮೇಲ್ಛಾವಣಿಯವರೆಗೂ ಸಾಮಾನು ತುಂಬಿಕೊಂಡು ಘಟ್ಟ ಇಳಿಯುತ್ತದೆ. ಈ ಎರಡು ಬದುಕುಗಳಲ್ಲಿ ಕೆಡುವ ಭಾಗಗಳು ಒಂದೇ ಅಲ್ಲ.

ಡ್ಯಾಷ್‌ಬೋರ್ಡಿನಲ್ಲಿ ಕಾಣುವುದು ಕಿಲೋಮೀಟರಿನ ಒಂದೇ ಮೀಟರು. ಗಾಡಿ ಸವೆಯುವುದು ಮಾತ್ರ ಮೂರು ಲೆಕ್ಕದಲ್ಲಿ. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಚಕ್ರದ ಬೇರಿಂಗು ಕಿಲೋಮೀಟರಿನ ಲೆಕ್ಕದಲ್ಲಿ ಸವೆಯುತ್ತವೆ. ರಬ್ಬರ್ ಬುಷ್ಷು, ಟೈರು, ಬ್ಯಾಟರಿ, ಬ್ರೇಕ್ ಆಯಿಲು ಗಾಡಿ ಓಡಲಿ ಬಿಡಲಿ, ವರ್ಷದ ಲೆಕ್ಕದಲ್ಲಿ ಮುಪ್ಪಾಗುತ್ತವೆ. ಮೂರನೆಯದು ತಣ್ಣಗಿನ ಸ್ಟಾರ್ಟುಗಳ ಲೆಕ್ಕ. ಅದನ್ನು ಯಾರೂ ಬರೆದಿಡುವುದಿಲ್ಲ. ಶಾಲೆ, ಮಾರ್ಕೆಟ್ಟು, ದೇವಸ್ಥಾನ ಎಂದು ಓಡಾಡುವ ಮನೆಯ ಗಾಡಿಗೆ ಹೆಚ್ಚಿನ ಪೆಟ್ಟು ಬೀಳುವುದು ಅಲ್ಲಿಯೇ.

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಇಂಧನದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದ ಫಲ ಅದು. ಬಹುಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಆಯಿಲಿಗೆ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಆ ನೀರೂ ಅದರೊಡನೆ ಬೆರೆತ ಇಂಧನವೂ ಆವಿಯಾಗಿ ಹೋಗುತ್ತವೆ. ಕಾಯುವ ಮೊದಲೇ ಶಾಲೆ ಬಂದುಬಿಟ್ಟರೆ ಅಲ್ಲೇ ಉಳಿದು ಆಯಿಲನ್ನು ಕೆಡಿಸುತ್ತವೆ. ಕಡಿಮೆ ಓಡಿದ ಗಾಡಿಗೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಸರ್ವಿಸ್ ಪುಸ್ತಕ ಹೇಳುವುದರ ಹಿಂದೆ ಈ ರಸಾಯನವಿದೆ. ಅದನ್ನು ಕಂಪನಿಯ ದುಡ್ಡಿನಾಸೆ ಎಂದು ತಳ್ಳಿಹಾಕುವವರು ಬಹಳ.

ಡೀಸೆಲ್ ಗಾಡಿಯಲ್ಲಿ ಇದು ಇನ್ನೂ ಬಿಗಡಾಯಿಸಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವೊಂದಿದೆ, ಗ್ಯಾರೇಜಿನ ಮಾತಿನಲ್ಲಿ ಡಿಪಿಎಫ್. ತುಂಬಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಗಾಡಿಯಲ್ಲಿ ಇದು ಡ್ರೈವರಿಗೆ ಗೊತ್ತೇ ಆಗದಂತೆ ನಡೆದುಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಗಾಡಿಗೆ ಆ ಬಿಸಿ ಸಿಗುವುದು ಕಷ್ಟ. ಇಂಜಿನ್ನು ಹೆಚ್ಚಿಗೆ ಡೀಸೆಲ್ ಚಿಮ್ಮಿಸಿ ಕಾಯಿಸಲು ನೋಡುತ್ತದೆ, ನಡುವೆಯೇ ನೀವು ಆಫ್ ಮಾಡುತ್ತೀರಿ, ಉರಿಯದ ಡೀಸೆಲ್ಲಿನ ಒಂದು ಪಾಲು ಆಯಿಲಿಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಟ್ಯಾಕ್ಸಿಯವನು ಹೊಗಳಿದ ಅದೇ ಡೀಸೆಲ್ ಇಂಜಿನ್ನು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಚ್ಚರಿಕೆಯ ದೀಪ ಹೊತ್ತಿಸಿಕೊಂಡು ಗ್ಯಾರೇಜಿಗೆ ಬರುವುದು ಹೀಗೆ. ಹೆಚ್ಚಿನ ಓಡಾಟ ಊರೊಳಗೇ ಆದರೆ ಹೊಸ ಡೀಸೆಲ್ ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ, ಮೈಲೇಜಿನ ಆಸೆ ಎಷ್ಟೇ ಇರಲಿ.

ಇನ್ನೋವಾದ ಹೆಸರು ಗಟ್ಟಿಯಾದದ್ದರ ಹಿಂದೆ ಎಂಜಿನಿಯರಿಂಗಿನ ಒಂದು ಹಳೆಯ ಜಾಣತನವಿದೆ. ಅದರ ಹಿರಿಯಣ್ಣ ಕ್ವಾಲಿಸ್ ಬಿಡದಿಯ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಮೂಲ ಅದು ಇಂಡೋನೇಷ್ಯಾದ ಕಿಜಾಂಗ್; ಆ ಹೆಸರಿನ ಗಾಡಿಗಳು ಅಲ್ಲಿ 1977ರಿಂದಲೇ ಓಡುತ್ತಿದ್ದವು. ಕ್ವಾಲಿಸ್‌ನ 2.4 ಲೀಟರಿನ ಡೀಸೆಲ್ ಇಂಜಿನ್ ಕೊಡುತ್ತಿದ್ದುದು ಸುಮಾರು 75 ಹಾರ್ಸ್‌ಪವರ್, ಟರ್ಬೊ ಇರಲಿಲ್ಲ. 2005ರ ಇನ್ನೋವಾದಲ್ಲಿ 2.5 ಲೀಟರಿಗೆ 100ರಷ್ಟು. 2016ರ ಕ್ರಿಸ್ಟಾದಲ್ಲಿ ಮತ್ತೆ 2.4 ಲೀಟರ್, ಶಕ್ತಿ ಮಾತ್ರ 150ರ ಹತ್ತಿರ. ಅಷ್ಟೇ ಗಾತ್ರದ ಸಿಲಿಂಡರುಗಳಿಂದ ಎರಡು ಪಟ್ಟು ಕೆಲಸ ತೆಗೆಯಲಾಗುತ್ತಿದೆ. ಹಳೆಯದರಲ್ಲಿ ಪಿಕಪ್ ಇರಲಿಲ್ಲ, ಓವರ್‌ಟೇಕಿಗೆ ದೇವರ ನೆನಪಾಗುತ್ತಿತ್ತು. ಆದರೆ ಅದರ ಒಂದೊಂದು ಭಾಗವೂ ತನ್ನ ತಾಕತ್ತಿನ ಮಿತಿಗಿಂತ ಬಹಳ ಕೆಳಗೆ ದುಡಿಯುತ್ತಿತ್ತು.

ಆ ಅಂತರದ ಬೆಲೆ ದೊಡ್ಡದು. ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆಂದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗುಸ್ಟ್ ವೋಲರ್ ಪರೀಕ್ಷೆ ಮಾಡಿದ. ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಹೊರೆಯೂ ಲಕ್ಷಾಂತರ ಸಲ ಬಿದ್ದರೆ ಲೋಹ ದಣಿದು ಬಿರುಕು ಬಿಡುತ್ತದೆ. ಹೊರೆಯನ್ನು ಕೊಂಚ ಇಳಿಸಿದರೆ ಆಯಸ್ಸು ಹಲವು ಪಟ್ಟು ಏರುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಬಾಲ್ ಬೇರಿಂಗಿಗೆ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಭಾರದ ಘನಕ್ಕೆ ವಿಲೋಮವಾಗಿ ಆಯಸ್ಸು. ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಪಾಲು. ಬರೀ ಕಾಲು ಭಾಗ ಹೆಚ್ಚಾದರೂ ಅರ್ಧಕ್ಕೆ ಇಳಿಯುತ್ತದೆ. ಏಳು ಸೀಟಿನ ಗಾಡಿಯಲ್ಲಿ ಒಂಬತ್ತು ಜನ ಕೂತು, ಮೇಲೆ ಕ್ಯಾರಿಯರಿನಲ್ಲಿ ಅಕ್ಕಿ ಮೂಟೆ ಹೇರಿದಾಗ ಹಿಂದಿನ ಚಕ್ರದ ಬೇರಿಂಗು ಲೆಕ್ಕ ಹಾಕುವುದು ಹೀಗೆ.

ಎರ್ಟಿಗಾದಂಥ ಹಗುರ ಗಾಡಿ ಖಾಲಿಯಿದ್ದಾಗ 1,200 ಕೆ.ಜಿ. ಆಸುಪಾಸು ತೂಗುತ್ತದೆ. ಏಳು ಜನ ಮತ್ತು ಲಗೇಜು ಸೇರಿ 500 ಕೆ.ಜಿ. ಹಿಡಿಯಿರಿ, ಗಾಡಿಯ ಸ್ವಂತ ತೂಕದ ಶೇ. 40ಕ್ಕೂ ಹೆಚ್ಚು. ಈ 1,700 ಕೆ.ಜಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ 500 ಮೀಟರಿನಷ್ಟು ಕೆಳಗಿಳಿದರೆ ಕಳೆದುಕೊಳ್ಳುವ ಶಕ್ತಿ 80 ಲಕ್ಷ ಜೂಲ್‌ಗೂ ಮೇಲೆ. 26 ಲೀಟರ್ ನೀರನ್ನು ಕುದಿ ಹತ್ತಿಸಲು ಅಷ್ಟು ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಇಂಜಿನ್ ನುಂಗುತ್ತದೆ. ಇಲ್ಲದಿದ್ದರೆ ಎಲ್ಲವೂ ಬ್ರೇಕ್ ಡಿಸ್ಕುಗಳಿಗೆ.

ವರ್ಷದ ಲೆಕ್ಕ ಬಂದು ಸೇರುವುದು ಇಲ್ಲಿ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಕುಡಿದ ಮೇಲಿನ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವ ಒತ್ತಡವನ್ನು ದಾಟಿಸುತ್ತದೆ, ಆವಿ ತಾನೇ ಕುಗ್ಗಿಬಿಡುತ್ತದೆ. ಪೆಡಲು ನೆಲಕ್ಕೆ ಹೋದರೂ ಗಾಡಿ ನಿಲ್ಲುವುದಿಲ್ಲ. ಟ್ಯಾಕ್ಸಿಯವನು ಕಿಲೋಮೀಟರು ತುಂಬಿತೆಂದು ಮತ್ತೆ ಮತ್ತೆ ಸರ್ವಿಸಿಗೆ ಬಿಡುವುದರಿಂದ ಯಾರಾದರೂ ಆ ಆಯಿಲನ್ನು ನೋಡಿರುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಓಡುವ ಮನೆಯ ಗಾಡಿಯಲ್ಲಿ ಐದು ವರ್ಷದ ಹಳೆಯ ಆಯಿಲು ಹಾಗೇ ಇದ್ದು, ವರ್ಷದ ಅತಿ ಭಾರದ ದಿನವೇ, ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟ ದಿನವೇ ಪರೀಕ್ಷೆಗೆ ಬೀಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಹೆಚ್ಚು ಖರ್ಚಿಲ್ಲ.

ಘಟ್ಟದ ಮಾತು ಬಂದಾಗ ಇನ್ನೊಂದು. ಹಳೆಯ ಇನ್ನೋವಾ, ಕ್ರಿಸ್ಟಾಗಳು ಲಾರಿಗಳಂತೆ ಛಾಸಿಯ ಮೇಲೆ ಕೂತ, ಹಿಂದಿನ ಚಕ್ರ ತಳ್ಳುವ ಗಾಡಿಗಳು. ಎರ್ಟಿಗಾ, ಕ್ಯಾರೆನ್ಸ್, ಈಚಿನ ಹೈಕ್ರಾಸ್ ಎಲ್ಲ ಮುಂದಿನ ಚಕ್ರ ಎಳೆಯುವಂಥವು. ಹಿಂದಿನ ಸಾಲು ತುಂಬಿ ಏರು ಹತ್ತುವಾಗ ಭಾರ ಹಿಂದಕ್ಕೆ ಜಾರುವುದರಿಂದ, ಮಳೆಯ ಕೆಸರಿನಲ್ಲಿ ಹಿಂದಿನ ಚಕ್ರ ತಳ್ಳುವ ಗಾಡಿಗೆ ಹಿಡಿತ ಹೆಚ್ಚು. ಕಾಫಿ ತೋಟದ ಮಣ್ಣು ರಸ್ತೆಯವರಿಗೆ ಇದು ಮುಖ್ಯ. ಪಟ್ಟಣದವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಗೇರ್‌ಬಾಕ್ಸಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆಟೊಮ್ಯಾಟಿಕ್ ಎಂಬ ಒಂದೇ ಹಲಗೆಯ ಕೆಳಗೆ ನಾಲ್ಕು ಜಾತಿಯ ಯಂತ್ರಗಳನ್ನು ಮಾರುತ್ತಾರೆ. ಒಣ ಪ್ಲೇಟಿನ ಎರಡು ಕ್ಲಚ್ಚುಗಳುಳ್ಳದ್ದು ತೆವಳುವ ಟ್ರಾಫಿಕ್ಕಿನಲ್ಲಿ ಕಾಯುತ್ತದೆ, ಪ್ರತಿ ತೆವಳಿಗೂ ಕ್ಲಚ್ಚು ಅರ್ಧ ಹಿಡಿದು ಉಜ್ಜುವುದರಿಂದ. ಎಣ್ಣೆಯ ಸುಳಿಯಿಂದ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಆ ಚಿಂತೆ ಕಡಿಮೆ; ಎರ್ಟಿಗಾದಲ್ಲಿರುವುದು ಅದೇ. ಹೈಕ್ರಾಸ್‌ನ ಹೈಬ್ರಿಡ್ಡಿನಲ್ಲಿ ಗೇರು ಬದಲಿಸುವ ಕ್ಲಚ್ಚೇ ಇಲ್ಲ. ಒಂದು ಗ್ರಹಚಕ್ರದ ಹಲ್ಲಿನ ಜೋಡಣೆ ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೂ ಜನರೇಟರಿಗೂ ಹಂಚುತ್ತದೆ. ಸ್ಟಾರ್ಟರ್ ಮೋಟಾರೂ ಆಲ್ಟರ್ನೇಟರೂ ಬೇರೆಯಾಗಿ ಬೇಕಿಲ್ಲ. ಹೈಬ್ರಿಡ್ ಎಂದರೆ ಗೋಜಲು ಎಂದುಕೊಂಡವರಿಗೆ ಸವೆಯುವ ಭಾಗಗಳ ಪಟ್ಟಿ ಅಲ್ಲಿ ಚಿಕ್ಕದಾದದ್ದು ಕಾಣುವುದಿಲ್ಲ. ಊರೊಳಗಿನ ಓಡಾಟಕ್ಕೆ, ಬೆಲೆ ಎಟುಕಿದರೆ, ನನ್ನ ಒಲವು ಅದರ ಕಡೆಗೆ. ದೊಡ್ಡ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಧೂಳಿನಿಂದ ಮುಚ್ಚದಂತೆ ನೋಡಿಕೊಳ್ಳಬೇಕು, ಬಿಸಿ ಬ್ಯಾಟರಿಯ ಶತ್ರು.

ಈಗ ಅಂಕಿಗಳ ಮೋಸಕ್ಕೆ ಬರೋಣ. ಸಾವಿರ ಭಾಗಗಳಿರುವ ಯಂತ್ರದಲ್ಲಿ ಯಾವುದೊಂದು ಕೆಟ್ಟರೂ ತೊಂದರೆ ಎಂದುಕೊಳ್ಳಿ. ಪ್ರತಿ ಭಾಗವೂ ವರ್ಷವಿಡೀ ಕೆಡದಿರುವ ಸಾಧ್ಯತೆ ಶೇ. 99.9. ಕೇಳಲು ಎಷ್ಟು ಚೆಂದ! ಆದರೆ ಇಡೀ ಗಾಡಿ ಏನೂ ಕೆಡದೆ ವರ್ಷ ದಾಟುವ ಸಾಧ್ಯತೆ ಶೇ. 37 ಮಾತ್ರ. ಹೆಚ್ಚು ಪರದೆ, ಹೆಚ್ಚು ಸೆನ್ಸರು, ತಾನೇ ತೆರೆಯುವ ಬಾಗಿಲು ಇರುವ ಮಾಡೆಲ್ಲಿಗೆ ಕಾಯಿಲೆ ಹೆಚ್ಚು ಎನ್ನುವುದಕ್ಕೆ ಇದು ಕಾರಣ. ಆ ಕಾಯಿಲೆಗಳಲ್ಲಿ ಹೆಚ್ಚಿನವು ದಾರಿಯಲ್ಲಿ ನಿಲ್ಲಿಸುವಂಥವಲ್ಲ ಎಂಬುದೂ ನಿಜ.

ಇನ್ನು “ಗೊತ್ತಿರೋ ಹತ್ತು ಜನರ ಹತ್ರ ಇದೆ, ಒಬ್ಬರಿಗೂ ಪ್ರಾಬ್ಲಂ ಇಲ್ಲ” ಎನ್ನುವ ವಾದ. ಒಂದು ಮಾಡೆಲ್ಲಿನ ಪ್ರತಿ ಹತ್ತು ಗಾಡಿಯಲ್ಲಿ ಒಂದಕ್ಕೆ ದೊಡ್ಡ ದೋಷವಿದ್ದರೂ, ನೀವು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಅದು ತಗುಲದಿರುವ ಸಾಧ್ಯತೆ ಶೇ. 35ರಷ್ಟಿದೆ. ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಪ್ರತಿ ವರ್ಷ ತನ್ನ ಸದಸ್ಯರಿಂದ ಗಾಡಿಗಳ ತೊಂದರೆಯ ಲೆಕ್ಕ ಕೇಳಿ ಪ್ರಕಟಿಸುತ್ತದೆ, ಜರ್ಮನಿಯಲ್ಲಿ ಟ್ಯೂಫ್ ತನ್ನ ತಪಾಸಣೆಯ ಅಂಕಿಗಳನ್ನು ಕೊಡುತ್ತದೆ. ನಮ್ಮಲ್ಲಿ ಅಂಥ ಲೆಕ್ಕ ಸಾಮಾನ್ಯ ಗ್ರಾಹಕನ ಕೈಗೆ ಸಿಗುವುದು ಅಪರೂಪ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರಗಳು ಅಪಘಾತದಲ್ಲಿ ಪ್ರಾಣ ಉಳಿಸುವ ಶಕ್ತಿಗೆ ಕೊಟ್ಟ ಅಂಕ. ಅವನ್ನು ಖಂಡಿತ ನೋಡಿ, ಆದರೆ ಅವು ಬಾಳಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ರಸ್ತೆಯಲ್ಲಿ ಇಂದಿಗೂ ಕಾಣುವ ಕ್ವಾಲಿಸ್‌ಗಳನ್ನು ತೋರಿಸಿ “ನೋಡಿ ಹೇಗಿದೆ” ಎನ್ನುವವರಿಗೆ ಗುಜರಿಗೆ ಹೋದ ಕ್ವಾಲಿಸ್‌ಗಳು ಕಾಣುವುದಿಲ್ಲ.

ಕೆಡುವುದರಷ್ಟೇ ಮುಖ್ಯ, ಕೆಟ್ಟದ್ದು ಎಷ್ಟು ಬೇಗ ಸರಿಹೋಗುತ್ತದೆ ಎಂಬುದು. ಒಂದು ಗಾಡಿ ಎರಡು ವರ್ಷಕ್ಕೊಮ್ಮೆ ಕೆಟ್ಟು, ಬಿಡಿಭಾಗಕ್ಕಾಗಿ ತಿಂಗಳು ಕಾಯಬೇಕಾದರೆ ಅದು ನಿಮ್ಮ ಕೈಗೆ ಸಿಗುವುದು ಶೇ. 96 ದಿನ. ಆರು ತಿಂಗಳಿಗೊಮ್ಮೆ ಕೆಟ್ಟು ಅರ್ಧ ದಿನದಲ್ಲಿ ರಿಪೇರಿಯಾಗುವ ಗಾಡಿ ಶೇ. 99.7 ದಿನ ಸಿಗುತ್ತದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿದಾಗ ಟವೇರಾ, ಎಂಜಾಯ್ ಇಟ್ಟುಕೊಂಡವರ ಇಂಜಿನ್ನೇನೂ ರಾತ್ರೋರಾತ್ರಿ ಹಾಳಾಗಲಿಲ್ಲ. ಕುಸಿದದ್ದು ಮರುಮಾರಾಟದ ಬೆಲೆ ಮತ್ತು ನೆಮ್ಮದಿ. ನಿಮ್ಮ ಊರಿನ ಮೆಕ್ಯಾನಿಕ್ಕಿಗೆ ಬಿಚ್ಚಲು ಬರುವ, ತಾಲ್ಲೂಕು ಕೇಂದ್ರದಲ್ಲಿ ಪಾರ್ಟ್ಸ್ ಸಿಗುವ ಗಾಡಿಗೆ ಕಡತದಲ್ಲಿ ಕಾಣದ ಗುಣವೊಂದಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ದಲ್ಲಾಳಿಗಳು ತೋರಿಸುವ ದೊಡ್ಡ ಆಮಿಷ, “ಡಾಕ್ಟರ್ ಓಡಿಸಿದ್ದು ಸಾರ್, ಎಂಟು ವರ್ಷಕ್ಕೆ ಬರೀ ಇಪ್ಪತ್ತೆಂಟು ಸಾವಿರ.” ಮೀಟರು ಹಿಂದಕ್ಕೆ ತಿರುಗಿಸಿರದಿದ್ದರೂ ಇದು ಪೂರ್ತಿ ಶುಭಸುದ್ದಿಯಲ್ಲ. ಮುನ್ನಾ ದಿನವೇ ಹೇಳಿಟ್ಟು, ಬೆಳಗ್ಗೆ ಅವರು ಸ್ಟಾರ್ಟ್ ಮಾಡುವ ಮೊದಲೇ ಹೋಗಿ; ಬಾನೆಟ್ಟು ಆಗಲೇ ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ, 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಬುಷ್ಷುಗಳಲ್ಲಿ ಬಿರುಕಿದೆಯೇ ಎಂದು ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ ಕೇಳಿ. 2.5 ಲೀಟರಿನ ಹಳೆಯ ಇನ್ನೋವಾ ಆದರೆ ಅದಕ್ಕೆ ರಬ್ಬರಿನ ಟೈಮಿಂಗ್ ಬೆಲ್ಟ್ ಇದೆ; ಅದು ಎಂದು ಬದಲಾಯಿತೆಂಬುದಕ್ಕೆ ಬಿಲ್ ಕೇಳಿ, ಬಾಯಿಮಾತು ಸಾಲದು. ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರಿನ ಜೊತೆ ತಾರೀಖುಗಳನ್ನೂ ನೋಡಿ, ಎರಡು ಮೊಹರುಗಳ ನಡುವೆ ಮೂರು ವರ್ಷದ ಖಾಲಿ ಇದ್ದರೆ ಆಯಿಲೂ ಕೂಲೆಂಟೂ ಬ್ರೇಕಿನ ದ್ರವವೂ ಅಷ್ಟೂ ಕಾಲ ಹಾಗೇ ಕೂತಿದ್ದವು ಎಂದರ್ಥ. ಇವೆಲ್ಲವನ್ನೂ ಟೈರುಗಳನ್ನೂ ಬದಲಿಸಲು ಎಷ್ಟಾಗುತ್ತದೆಂದು ನಿಮ್ಮ ಮೆಕ್ಯಾನಿಕ್ಕಿನಿಂದ ಬರೆಸಿಕೊಂಡು, ಅಷ್ಟನ್ನು ಅವರು ಹೇಳಿದ ಬೆಲೆಯಲ್ಲಿ ಕಳೆದು ಮಾತು ಶುರುಮಾಡಿ.