ಶ್ವಾಸಕೋಶದ ಸೂಜಿ ಬಯಾಪ್ಸಿ: ಕೊಡಗು ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಎದೆಯ ಕ್ಷ-ಕಿರಣ ಅಥವಾ ಸಿ.ಟಿ. ಚಿತ್ರದಲ್ಲಿ ಗಡ್ಡೆಯಂತಹ ನೆರಳು ಕಂಡುಬಂದಲ್ಲಿ, ಅದು ಕ್ಷಯವೋ, ಕ್ಯಾನ್ಸರೋ, ಶಿಲೀಂಧ್ರದ ಸೋಂಕೋ ಎಂಬುದನ್ನು ಚಿತ್ರಮಾತ್ರದಿಂದ ನಿರ್ಧರಿಸಲು ಅನೇಕ ವೇಳೆ ಸಾಧ್ಯವಾಗುವುದಿಲ್ಲ. ಕ್ಷಯವೆಂದು ಊಹಿಸಿ ತಿಂಗಳುಗಟ್ಟಲೆ ಮಾತ್ರೆ ಸೇವಿಸಿದ ನಂತರ ಕ್ಯಾನ್ಸರ್ ಎಂದು ತಿಳಿದುಬರುವ ಪ್ರಕರಣಗಳು ನಮ್ಮ ದೇಶದಲ್ಲಿ ವಿರಳವಲ್ಲ. ಆದುದರಿಂದ ವೈದ್ಯರು ಸೂಜಿಯ ಮೂಲಕ ಅಂಗಾಂಶದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಲು ಸೂಚಿಸುತ್ತಾರೆ. ಸೂಜಿ ಚುಚ್ಚಿದರೆ ಗಡ್ಡೆ ಮೈಯೆಲ್ಲ ಹರಡುವುದೆಂಬ ಭಯ ಜನರಲ್ಲಿದೆ. ಸೂಜಿಯ ಹಾದಿಯಲ್ಲಿ ರೋಗಕಣಗಳು ಉಳಿಯುವುದು ಅತ್ಯಂತ ಅಪರೂಪ. ಈ ಭಯದಿಂದ ಪರೀಕ್ಷೆ ಮುಂದೂಡುವುದೇ ಹೆಚ್ಚು ಅಪಾಯಕರ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ಔಷಧಿಗಳನ್ನು ಸೇವಿಸುತ್ತಿರುವವರು ಮುಂಚಿತವಾಗಿ ತಿಳಿಸತಕ್ಕದ್ದು. ಸ್ವತಃ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಯ ವರದಿ ಹಾಗೂ ಹಳೆಯ ಸಿ.ಟಿ. ಚಿತ್ರಗಳನ್ನು ತರುವುದು ಅಗತ್ಯ. ಕೆಲವು ಗಂಟೆಗಳ ಉಪವಾಸವನ್ನು ಆಸ್ಪತ್ರೆಯವರು ಸೂಚಿಸುವರು.

ಸಿ.ಟಿ. ಯಂತ್ರದ ಮೇಜಿನ ಮೇಲೆ ಮಲಗಿಸಿ, ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು ನೀಡಲಾಗುತ್ತದೆ. ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಹೇಳಿದಾಗ ಉಸಿರು ಹಿಡಿಯುವುದು, ಕೆಮ್ಮದಿರುವುದು, ಅಲುಗಾಡದಿರುವುದು ಇಷ್ಟೇ ರೋಗಿಯ ಪಾತ್ರ. ಕೆಮ್ಮು ತಡೆಯಲಾಗದಿದ್ದಲ್ಲಿ ಮೊದಲೇ ಹೇಳಿಬಿಡುವುದು ಒಳಿತು. ಒಟ್ಟಾರೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ.

ಮುಖ್ಯ ತೊಂದರೆಯೆಂದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಹೀಗಾಗಬಹುದು. ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವರಿಗೆ ಮಾತ್ರ ಎದೆಗೆ ನಳಿಕೆ ಹಾಕಬೇಕಾಗುತ್ತದೆ. ಕಫದಲ್ಲಿ ಸ್ವಲ್ಪ ರಕ್ತ ಕಾಣಿಸುವುದುಂಟು. ಆದ್ದರಿಂದಲೇ ಕೆಲವು ಗಂಟೆಗಳ ಕಾಲ ನಿಗಾದಲ್ಲಿಟ್ಟು ಮತ್ತೊಮ್ಮೆ ಕ್ಷ-ಕಿರಣ ತೆಗೆಯಲಾಗುತ್ತದೆ.

ಗಾಳಿ ಸೇರಿಕೊಳ್ಳುವುದು ಕೆಲವೊಮ್ಮೆ ತಡವಾಗಿ ಪ್ರಕಟವಾಗುವುದರಿಂದ ಜಿಲ್ಲೆಯವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಜಿಲ್ಲೆಗೆ ರೈಲು ಸಂಪರ್ಕವಿಲ್ಲ. ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡವರು ರಸ್ತೆಯಲ್ಲಿಯೇ ಮರಳಬೇಕು. ಅದೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವುದಕ್ಕಿಂತ, ಆಸ್ಪತ್ರೆಯ ಸಮೀಪ ಒಂದು ರಾತ್ರಿ ತಂಗುವುದು ಲೇಸು. ಹಠಾತ್ ಎದೆನೋವು, ಹೆಚ್ಚುತ್ತಿರುವ ಉಸಿರುಗಟ್ಟುವಿಕೆ ಅಥವಾ ಅಧಿಕ ರಕ್ತ ಕಂಡಲ್ಲಿ ತಕ್ಷಣ 108ಕ್ಕೆ ಕರೆ ಮಾಡುವುದು. ಕಾಫಿ ಮೂಟೆ ಹೊರುವಂತಹ ಕೆಲಸಗಳಿಗೆ ವೈದ್ಯರು ಅನುಮತಿಸುವವರೆಗೆ ಹೋಗಬಾರದು.

ಬಿ.ಪಿ.ಎಲ್. ಕುಟುಂಬದವರು ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ವೆಚ್ಚ ಸೇರುವುದೆಂಬುದನ್ನು ದಾಖಲಾಗುವ ಮೊದಲೇ ವಿಚಾರಿಸತಕ್ಕದ್ದು.

ಫಾರ್ಮಲಿನ್‌ನಲ್ಲಿ ಹಾಕಿದ ತುಣುಕಿನಿಂದ ಕ್ಷಯಾಣು ಬೆಳೆಸಲಾಗದು. ಹೀಗಾಗಿ ಕ್ಷಯದ ಶಂಕೆಯಿದ್ದಲ್ಲಿ ಒಂದು ತುಣುಕನ್ನು ಲವಣದ್ರಾವಣದಲ್ಲಿ ಪ್ರತ್ಯೇಕವಾಗಿ ಕಳುಹಿಸಲಾಗುವುದೇ ಎಂದು ಕೇಳಬಹುದು. ವರದಿಗೆ ಸಾಮಾನ್ಯವಾಗಿ ಒಂದು ವಾರ ಬೇಕು. ತುಣುಕು ಸಾಲದಿದ್ದಲ್ಲಿ ಪರೀಕ್ಷೆಯನ್ನು ಪುನಃ ಮಾಡಬೇಕಾಗಬಹುದು.