ಕಾರ್ಖಾನೆಯ ಆಚೆಗೂ ಬೇಕು ಸುರಕ್ಷತೆಯ ಪಾಠ

ಕಾರ್ಮಿಕರ ಸುರಕ್ಷತೆ ಎಂದೊಡನೆ ನೆನಪಾಗುವುದು ದೊಡ್ಡ ಕಾರ್ಖಾನೆ, ಹೆಲ್ಮೆಟ್ ಧರಿಸಿದ ಕೆಲಸಗಾರ ಮತ್ತು ಗೋಡೆಯ ಮೇಲಿನ ಎಚ್ಚರಿಕೆ ಫಲಕ. ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ದುಡಿಮೆಯ ಚಿತ್ರ ಬೇರೆ. ಇಲ್ಲಿನ ಅಪಾಯ ಇರುವುದು ಅಡಿಕೆ, ತೆಂಗಿನ ಮರಗಳ ತುದಿಯಲ್ಲಿ, ಅಡಿಕೆ ಸುಲಿಯುವ ಯಂತ್ರದ ಬೆಲ್ಟಿನಲ್ಲಿ, ಕುದಿಯುವ ಹಂಡೆಯ ಪಕ್ಕದಲ್ಲಿ, ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಯಲ್ಲಿ.

ಈ ದುಡಿಮೆ ಕಾನೂನಿನ ಕಣ್ಣಿಗೆ ಬೀಳುವುದು ಕಡಿಮೆ. ವಿದ್ಯುತ್ ಬಳಸುವಲ್ಲಿ 10, ಬಳಸದಿರುವಲ್ಲಿ 20 ಕಾರ್ಮಿಕರಿದ್ದರೆ 1948ರ ಕಾಯ್ದೆ ಅದನ್ನು ಕಾರ್ಖಾನೆ ಎಂದು ಪರಿಗಣಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ಮಿತಿಯನ್ನು ಕ್ರಮವಾಗಿ 20 ಮತ್ತು 40ಕ್ಕೆ ಏರಿಸಿದೆ. ಆರೇಳು ಮಂದಿ ಸುಗ್ಗಿಯ ಕಾಲದಲ್ಲಿ ಮಾತ್ರ ದುಡಿಯುವ ಅಡಿಕೆ ಮನೆ ಅಂದೂ ಹೊರಗಿತ್ತು, ಇಂದೂ ಹೊರಗಿದೆ.

ಇದರ ಅರ್ಥಶಾಸ್ತ್ರ ಸರಳ. ಮರದಿಂದ ಬಿದ್ದವನ ಚಿಕಿತ್ಸೆಯ ಖರ್ಚು, ನಿಂತುಹೋದ ಕೂಲಿ, ಶಾಲೆ ಬಿಟ್ಟ ಮಗುವಿನ ನಷ್ಟ ಇವಾವುವೂ ಕ್ವಿಂಟಲ್ ಅಡಿಕೆಯ ದರದಲ್ಲಿ ಸೇರುವುದಿಲ್ಲ. ಅವನ್ನೆಲ್ಲ ಭರಿಸುವುದು ಆತನ ಕುಟುಂಬ. ವೆಚ್ಚ ಬೇರೆಯವರ ಹೆಗಲೇರಿದಾಗ ಮುಂಜಾಗ್ರತೆಗೆ ಹಣ ತೊಡಗಿಸುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಹಾಗಾದರೆ ತರಬೇತಿ ಹೇಗಿರಬೇಕು? ಮೊದಲನೆಯದಾಗಿ, ಅದು ಬೆಳೆಯ ಪಂಚಾಂಗವನ್ನು ಅನುಸರಿಸಬೇಕು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾನರ್ ಕಟ್ಟಿ ಭಾಷಣ ಮಾಡಿದರೆ ತೋಟದ ಕೂಲಿಕಾರನಿಗೆ ಪ್ರಯೋಜನವಿಲ್ಲ. ಔಷಧಿ ಸಿಂಪಡಣೆಯ ಪಾಠ ಮುಂಗಾರಿಗೆ ಮುನ್ನವೇ ಮುಗಿಯಬೇಕು. ಕೊಯ್ಲು ಮತ್ತು ಸುಲಿಯುವ ಯಂತ್ರದ ಪಾಠ ಸುಗ್ಗಿಗೆ ಮುನ್ನ ನಡೆಯಬೇಕು. ಎರಡನೆಯದಾಗಿ, ಪಾಠದ ಜಾಗ ಸಭಾಂಗಣವಲ್ಲ, ತೋಟ. ಅಲ್ಯೂಮಿನಿಯಂ ದೋಟಿಯಂತೆ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ವಾಹಕವೆಂಬುದನ್ನು ತಂತಿ ಹಾದುಹೋದ ತೋಟದಲ್ಲೇ ನಿಂತು ಹೇಳಬೇಕು. ಬೆಲ್ಟಿಗೆ ಸೆರಗು ಸಿಕ್ಕದಂತೆ ಯಂತ್ರಕ್ಕೆ ಕವಚ ಹಾಕುವುದನ್ನು ಕಣ್ಣೆದುರೇ ತೋರಿಸಬೇಕು. ಮೂರನೆಯದು ಮತ್ತು ಮುಖ್ಯವಾದುದು, ಕಲಿಯುವ ದಿನದ ಕೂಲಿಯನ್ನು ಕೊಡಬೇಕು. ದಿನಗೂಲಿಯವನಿಗೆ ಉಚಿತ ತರಬೇತಿಯೂ ಉಚಿತವಲ್ಲ.

ಇದು ಅಸಾಧ್ಯವಾದ ಮಾತೇನಲ್ಲ. ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ಯೋಜನೆಯು ತರಬೇತಿಯ ಜೊತೆಗೆ ಮರ ಹತ್ತುವ ಸಾಧನವನ್ನೂ ಅಪಘಾತ ವಿಮೆಯನ್ನೂ ಒದಗಿಸಿತು. ಕಲಿಕೆ, ಸಲಕರಣೆ, ವಿಮೆ ಮೂರೂ ಒಟ್ಟಿಗೆ ಬಂದರೆ ಮಾತ್ರ ಪಾಠ ಉಳಿಯುತ್ತದೆ.

ಹಣದ ಮೂಲವೂ ದೂರವಿಲ್ಲ. ಬೀರೂರು, ತರೀಕೆರೆ ಮಾರುಕಟ್ಟೆಗಳಲ್ಲಿ ಸಂಗ್ರಹವಾಗುವ ಶುಲ್ಕದ ಅಲ್ಪಭಾಗವನ್ನು ಇದಕ್ಕೆ ಮೀಸಲಿಡಬಹುದು. ಅಡಿಕೆ ಮಾರಾಟ ಸಹಕಾರ ಸಂಘಗಳು ಕೈಜೋಡಿಸಬಹುದು. ಮೆಸ್ಕಾಂ ತಂತಿಗಳ ತಪಾಸಣೆಯ ಹೊಣೆ ಹೊರಬಹುದು. ಗ್ರಾಮ ಪಂಚಾಯಿತಿ ಕೂಲಿಕಾರರ ಪಟ್ಟಿ ಇಡಬಹುದು. ಅಡಿಕೆಯ ಧಾರಣೆ ಕುಸಿದಾಗ ಬೆಂಬಲ ಬೆಲೆಗಾಗಿ ನಿಯೋಗಗಳು ದೆಹಲಿಗೆ ತೆರಳುತ್ತವೆ, ಅದು ನ್ಯಾಯವೇ. ಆ ಅಡಿಕೆಯನ್ನು ಮರದಿಂದ ಇಳಿಸುವವನ ಜೀವಕ್ಕೂ ಅಷ್ಟೇ ಕಾಳಜಿ ಸಲ್ಲಬೇಕಾದುದು ನ್ಯಾಯವಲ್ಲವೇ?